ಕಂತು ಬಿಡಿ, ತಿಂಗಳು ಎಣಿಸಿ: ಗಂಡ-ಹೆಂಡತಿ ಸೇರಿ ಮನೆ ಸಾಲ ಬೇಗ ಮುಗಿಸುವ ದಾರಿ

2021ರ ಜೂನ್‌ನಲ್ಲಿ ನಾವು ಕೆಂಗೇರಿ ಕಡೆ ಒಂದು ಫ್ಲಾಟ್ ತಗೊಂಡೆವು. ಮದುವೆಯಾಗಿ ಒಂದೂವರೆ ವರ್ಷ ಆಗಿತ್ತು. ಸಾಲ 40 ಲಕ್ಷ, ಬಡ್ಡಿ ಶೇ. 6.9, ಅವಧಿ 20 ವರ್ಷ, ಕಂತು 30,772 ರೂಪಾಯಿ. ತಿಂಗಳ 5ನೇ ತಾರೀಕು ದುಡ್ಡು ತಾನಾಗಿ ಕಟ್ ಆಗುತ್ತಿತ್ತು. ನಾವು ಆ ಕಡೆ ತಿರುಗಿಯೂ ನೋಡಲಿಲ್ಲ.

2023ರ ಮಧ್ಯದಲ್ಲಿ ಒಂದು ಭಾನುವಾರ ಬ್ಯಾಂಕಿನ ಆಪ್‌ನಲ್ಲಿ ಇನ್ನೇನೋ ಹುಡುಕುತ್ತಿದ್ದೆ. ಸಾಲದ ಪುಟದಲ್ಲಿ 'ಬಾಕಿ ಅವಧಿ 336 ತಿಂಗಳು' ಅಂತ ಇತ್ತು. ತಪ್ಪು ಓದಿದೆ ಅಂದುಕೊಂಡು ಇವರನ್ನು, ಅಂದರೆ ನನ್ನ ಗಂಡನನ್ನು, ಕರೆದು ತೋರಿಸಿದೆ. 336 ತಿಂಗಳು ಅಂದರೆ 28 ವರ್ಷ. ಎರಡು ವರ್ಷ ಕಟ್ಟಿದ ಮೇಲೆ 18 ಉಳಿಯಬೇಕಿತ್ತು, ಅಲ್ವಾ? ಎರಡು ವರ್ಷದಲ್ಲಿ ನಾವು ಕಟ್ಟಿದ್ದು 7 ಲಕ್ಷದ ಮೇಲೆ. ಅಸಲು ಇಳಿದಿದ್ದು ಬರೀ 1 ಲಕ್ಷ 40 ಸಾವಿರ.

ಆಗಿದ್ದು ಇಷ್ಟು. 2022ರ ಮೇ ತಿಂಗಳಿಂದ 2023ರ ಫೆಬ್ರುವರಿವರೆಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿಯನ್ನು, ಶೇ. 4ರಿಂದ 6.5ಕ್ಕೆ ಏರಿಸಿತು. ನಮ್ಮ ಬಡ್ಡಿಯೂ ಅದರ ಹಿಂದೆಯೇ ಹೋಗಿ ಶೇ. 9.4 ಆಯಿತು. ಬ್ಯಾಂಕು ಕಂತನ್ನು ಸಾವಿರದ ಎಂಟುನೂರು ಚಿಲ್ಲರೆ ಏರಿಸಿ, ಮಿಕ್ಕಿದ್ದನ್ನೆಲ್ಲ ಅವಧಿಗೆ ಸುರಿದಿತ್ತು. ಎಲ್ಲಿಯವರೆಗೆ ಅಂದರೆ ನನಗೆ 59 ಆಗುವವರೆಗೆ. ಬಡ್ಡಿ ಬದಲಾಗಿದೆ ಅಂತ ಮೆಸೇಜ್ ಬಂದಿದ್ದು ನಿಜ. ಅಂಥ ಮೆಸೇಜನ್ನು ಯಾರು ಓದ್ತಾರೆ?

ಆ ವಾರವೇ ಶಾಖೆಗೆ ಹೋಗಿ ಕಂತನ್ನು 42,000ಕ್ಕೆ ಏರಿಸಿದೆವು. ತಿಂಗಳಿಗೆ ಒಂಬತ್ತು ಸಾವಿರದ ಮೇಲೆ ಹೆಚ್ಚಾಯಿತು. 28 ವರ್ಷ ಒಂದೇ ಏಟಿಗೆ 13 ವರ್ಷ 7 ತಿಂಗಳಿಗೆ ಇಳಿಯಿತು. ಕಂತು ಮೂರನೇ ಒಂದು ಭಾಗವೂ ಏರಲಿಲ್ಲ, ಅವಧಿ ಅರ್ಧಕ್ಕಿಂತ ಕೆಳಗೆ ಬಂತು. ಆವತ್ತಿನಿಂದ ನಮ್ಮ ಮನೆಯಲ್ಲಿ ಸಾಲವನ್ನು ರೂಪಾಯಿಯಲ್ಲಿ ಎಣಿಸುವುದಿಲ್ಲ, ತಿಂಗಳಲ್ಲಿ ಎಣಿಸುತ್ತೇವೆ. ಕೆಳಗಿರುವುದೆಲ್ಲ ಅಲ್ಲಿಂದ ಕಲಿತಿದ್ದು.

ಹಂತ 1: ಸಾಲದ ಜಾತಕ ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ಇಷ್ಟು ಬರೆಯಿರಿ: ಇವತ್ತಿನ ಅಸಲು ಬಾಕಿ, ಇವತ್ತಿನ ಬಡ್ಡಿ, ಉಳಿದ ತಿಂಗಳು, ಬಡ್ಡಿ ಮುಂದೆ ಬದಲಾಗುವ ತಾರೀಕು. ಜೊತೆಗೆ ನಿಮ್ಮ ಬಡ್ಡಿ ಯಾವುದಕ್ಕೆ ಕಟ್ಟಿಕೊಂಡಿದೆ ಅನ್ನುವುದನ್ನೂ ಬರೆಯಿರಿ. 2019ರ ಅಕ್ಟೋಬರ್ 1ರ ನಂತರ ಬ್ಯಾಂಕಿನಿಂದ ಪಡೆದ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಗೃಹಸಾಲಗಳು ರೆಪೊದಂಥ ಹೊರಗಿನ ದರಕ್ಕೆ ಜೋಡಿಸಿರುತ್ತವೆ. ಮೂರು ತಿಂಗಳಿಗೆ ಒಮ್ಮೆಯಾದರೂ ಬಡ್ಡಿ ಹೊಸದಾಗಿ ಲೆಕ್ಕ ಆಗಬೇಕು. ಅದಕ್ಕಿಂತ ಹಳೆಯ ಸಾಲವಾದರೆ ಎಂಸಿಎಲ್ಆರ್ ಅಥವಾ ಬೇಸ್ ರೇಟ್ ಎಂಬ, ಬ್ಯಾಂಕು ತಾನೇ ಲೆಕ್ಕ ಹಾಕುವ ಹಳೆ ದರದಲ್ಲಿ ಇನ್ನೂ ಸಿಕ್ಕಿಹಾಕಿಕೊಂಡಿರಬಹುದು.

ಈ ಮಾಹಿತಿ ಕೇಳೋಕೆ ಮುಜುಗರ ಬೇಡ. ಬಡ್ಡಿ ಬದಲಾದಾಗ ಕಂತು ಏರಿಸಬೇಕಾ, ಅವಧಿ ಏರಿಸಬೇಕಾ, ಎರಡೂ ಸ್ವಲ್ಪ ಸ್ವಲ್ಪವಾ ಎಂದು ಸಾಲಗಾರರನ್ನು ಕೇಳಬೇಕು ಅಂತ 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಮೂರು ತಿಂಗಳಿಗೊಮ್ಮೆ ಒಂದು ಲೆಕ್ಕದ ಪಟ್ಟಿಯನ್ನೂ ಕೊಡಬೇಕು. ಇಲ್ಲಿಯವರೆಗೆ ಎಷ್ಟು ಅಸಲು, ಎಷ್ಟು ಬಡ್ಡಿ ಕಟ್ಟಿದ್ದೀರಿ, ಎಷ್ಟು ಕಂತು ಉಳಿದಿದೆ ಅನ್ನುವುದು ಅದರಲ್ಲಿ ಇರಬೇಕು.

ಇನ್ನು ಎಲ್ಲರ ಮೊದಲ ಪ್ರಶ್ನೆ: ಬೇಗ ಕಟ್ಟಿದರೆ ದಂಡ ಹಾಕ್ತಾರಾ? ಸಾಲ ನಿಮ್ಮ ಹೆಸರಲ್ಲಿದ್ದು ಬಡ್ಡಿ ಫ್ಲೋಟಿಂಗ್ ಆಗಿದ್ದರೆ ಹಾಕುವಂತಿಲ್ಲ. ಬ್ಯಾಂಕುಗಳಿಗೆ ಈ ನಿಯಮ 2012ರಿಂದಲೇ ಇದೆ. ಸ್ವಲ್ಪ ಕಟ್ಟಿದರೂ ಅಷ್ಟೇ, ಪೂರ್ತಿ ಕಟ್ಟಿದರೂ ಅಷ್ಟೇ. ಬಡ್ಡಿ ಫಿಕ್ಸೆಡ್ ಆಗಿದ್ದರೆ ಮಾತ್ರ ಒಪ್ಪಂದ ತೆಗೆದು ಓದಿ.

ಮುಂದಿನ ಲೆಕ್ಕಕ್ಕೆಲ್ಲ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. 50 ಲಕ್ಷ ಸಾಲ, ಶೇ. 8.5 ಬಡ್ಡಿ, 20 ವರ್ಷ. ಕಂತು 43,391. ಮೊದಲ ಕಂತಿನಲ್ಲಿ 35,417 ಬಡ್ಡಿಗೆ ಹೋಗುತ್ತದೆ, ಅಸಲಿಗೆ ಬರೀ 7,974. ಒಂದು ಕಂತಿನಲ್ಲಿ ಬಡ್ಡಿಗಿಂತ ಅಸಲು ಜಾಸ್ತಿ ಆಗುವುದಕ್ಕೆ ಸುಮಾರು 12 ವರ್ಷ ಬೇಕು. ಅಸಲು ಅರ್ಧಕ್ಕೆ ಇಳಿಯುವುದು 14ನೇ ವರ್ಷದ ಕೊನೆಗೆ. ಸುಮ್ನೆ ಕಟ್ಟುತ್ತಾ ಹೋದರೆ 50 ಲಕ್ಷಕ್ಕೆ 54 ಲಕ್ಷ ಬಡ್ಡಿ. ಈ ಅಂಕಿ ನೋಡಿ ಇವರು ಒಂದು ದಿನ ಮಾತೇ ಆಡಲಿಲ್ಲ.

ಹಂತ 2: ಇಬ್ಬರೂ ಒಂದು ಸಂಜೆ ಕೂತು ಮಾತಾಡಿ

ಇದನ್ನು ಹಾರಿಸಿ ಮುಂದಿನ ಲೆಕ್ಕಕ್ಕೆ ಓಡಬೇಡಿ. ಎಷ್ಟೋ ಜೋಡಿಗಳು ಎಡವುವುದು ಇಲ್ಲೇ. ಒಬ್ಬರಿಗೆ ಸಾಲ ಅಂದರೆ ಎದೆ ಮೇಲಿನ ಕಲ್ಲು. ಇನ್ನೊಬ್ಬರಿಗೆ ಅದು ಎಲ್ಲರ ಮನೆಯಲ್ಲೂ ಇರುವ ಒಂದು ಖರ್ಚು. ನಮ್ಮ ಮನೆಯಲ್ಲಿ ನಾನು ಮೊದಲನೆಯವಳು. ಇವರು ಮ್ಯೂಚುವಲ್ ಫಂಡ್ ಅಂತ ಹಟ ಹಿಡಿದಿದ್ದರು. ಎರಡು ತಿಂಗಳು ಇದೇ ಜಗಳ ನಡೆಯಿತು. ಕೊನೆಗೆ ಒಪ್ಪಿಕೊಂಡಿದ್ದು ಹೀಗೆ: ಮನೆ ಖರ್ಚು ಕಳೆದು ಉಳಿಯುವ ದುಡ್ಡಿನಲ್ಲಿ ಮೂರರಲ್ಲಿ ಎರಡು ಪಾಲು ಸಾಲಕ್ಕೆ, ಒಂದು ಪಾಲು ಅವರ ಎಸ್ಐಪಿಗೆ (ಮ್ಯೂಚುವಲ್ ಫಂಡ್‌ಗೆ ತಿಂಗಳು ತಿಂಗಳು ಹಾಕುವ ದುಡ್ಡು). ಯಾರೂ ಗೆಲ್ಲಲಿಲ್ಲ, ಜಗಳ ಮಾತ್ರ ನಿಂತಿತು.

ಮಾತಾಡಲೇಬೇಕಾದ ವಿಷಯ ಇನ್ನೂ ಕೆಲವು ಇವೆ. ಮಗು ಯಾವಾಗ? ಆಗ ಒಬ್ಬರು ಕೆಲಸ ಬಿಡುತ್ತೀರಾ? ಊರಲ್ಲಿ ಅಪ್ಪ-ಅಮ್ಮನಿಗೆ, ಅತ್ತೆ-ಮಾವನಿಗೆ ತಿಂಗಳಿಗೆ ಎಷ್ಟು ಕಳಿಸಬೇಕು? ತಂಗಿ ಮದುವೆ, ತಮ್ಮನ ಫೀಸು ನಿಮ್ಮ ತಲೆ ಮೇಲಿದೆಯಾ? ಇದನ್ನೆಲ್ಲ ಈಗಲೇ ಹೇಳದೆ ಎರಡು ವರ್ಷ ಬಿಟ್ಟು ಹೇಳಿದರೆ ಬ್ಯಾಂಕಿಗಿಂತ ದೊಡ್ಡ ತಾಪತ್ರಯ.

ನನ್ನ ಅಭಿಪ್ರಾಯ ಕೇಳಿದರೆ, ಬ್ಯಾಂಕಿನ ಕಂತು ಒಬ್ಬರ ಸಂಬಳದಲ್ಲೇ ಹೇಗೋ ತೂಗುವಂತಿರಲಿ. ಇನ್ನೊಂದು ಸಂಬಳದ ದುಡ್ಡನ್ನು ಬೇಕಾದಾಗ ಹೆಚ್ಚುವರಿಯಾಗಿ ಕಟ್ಟಿ. ಕಂತನ್ನೇ ಮಿತಿ ಮೀರಿ ಏರಿಸಿಕೊಂಡರೆ ಹೆರಿಗೆ ರಜೆಯಲ್ಲೂ ಬ್ಯಾಂಕು ಅಷ್ಟೇ ಕೇಳುತ್ತದೆ. ನೀವಾಗಿ ಕಟ್ಟುವ ಹೆಚ್ಚುವರಿ ದುಡ್ಡನ್ನು ಆ ಆರು ತಿಂಗಳು ನಿಲ್ಲಿಸಬಹುದು, ಯಾರೂ ಫೋನ್ ಮಾಡಲ್ಲ. ಹಾಗಾದರೆ ನೀವು ಯಾಕೆ 42 ಸಾವಿರ ಮಾಡಿಸಿದಿರಿ ಅಂತ ಕೇಳಬಹುದು. ನಮಗೆ ಆ ಶಿಸ್ತು ಇರಲಿಲ್ಲ, ಅಷ್ಟೇ. ಕೈಯಲ್ಲಿ ದುಡ್ಡಿದ್ದರೆ ಅದು ಯಾವುದೋ ಆನ್‌ಲೈನ್ ಸೇಲ್‌ಗೆ ಹೋಗುತ್ತಿತ್ತು.

ಹಂತ 3: ಸಾಲಕ್ಕಿಂತ ಮೊದಲು ಕಟ್ಟಬೇಕಾದ್ದು

ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಈ ಲೇಖನ ಇಲ್ಲಿಗೇ ನಿಲ್ಲಿಸಿ, ಮೊದಲು ಅದನ್ನು ತೀರಿಸಿ. ಅದರ ಬಡ್ಡಿ ವರ್ಷಕ್ಕೆ ಶೇ. 36ರಿಂದ 42ರ ಆಸುಪಾಸು ಇರುತ್ತದೆ. ಪರ್ಸನಲ್ ಲೋನ್ ಇದ್ದರೆ ಅದು ಆಮೇಲೆ. ಇವು ಮುಗಿಯುವವರೆಗೆ ಗೃಹಸಾಲಕ್ಕೆ ಮಾಮೂಲಿ ಕಂತು ಸಾಕು.

ಆರು ತಿಂಗಳ ಕಂತು ಮತ್ತು ಮನೆ ಖರ್ಚಿನಷ್ಟು ದುಡ್ಡು ಎಫ್‌ಡಿಯಲ್ಲೋ ಉಳಿತಾಯ ಖಾತೆಯಲ್ಲೋ ಇರಲಿ. ಗೃಹಸಾಲಕ್ಕೆ ಕಟ್ಟಿದ ದುಡ್ಡು ವಾಪಸ್ ಬರಲ್ಲ. ಅದೇ ಮನೆಯ ಮೇಲೆ ಇನ್ನಷ್ಟು ಕೊಡುವ ಟಾಪ್-ಅಪ್ ಸಾಲ ಕೇಳಬಹುದು ನಿಜ, ಆದರೆ ಕೆಲಸ ಹೋದವರಿಗೆ ಟಾಪ್-ಅಪ್ ಕೊಡುವ ಬ್ಯಾಂಕನ್ನು ನಾನಂತೂ ನೋಡಿಲ್ಲ.

ಇಬ್ಬರಿಗೂ ಟರ್ಮ್ ಇನ್ಶೂರೆನ್ಸ್ (ತೀರಿಕೊಂಡರೆ ಮನೆಯವರಿಗೆ ಹಣ ಕೊಡುವ ವಿಮೆ) ಇರಬೇಕು. ಗಂಡನಿಗೆ ಮಾತ್ರ ಮಾಡಿಸುವ ಅಭ್ಯಾಸ ಇದೆ, ಹೆಂಡತಿಯ ಸಂಬಳವೂ ಸಾಲಕ್ಕೆ ಹೋಗುತ್ತಿದ್ದರೆ ಅದರಲ್ಲಿ ಅರ್ಥ ಇಲ್ಲ. ಸಾಲ ಕೊಡುವಾಗ ಬ್ಯಾಂಕಿನವರು ಒಂದೇ ಕಂತಿನ ದುಬಾರಿ ವಿಮೆ ಹಚ್ಚಿ, ಆ ಪ್ರೀಮಿಯಂ ಕೂಡ ಸಾಲಕ್ಕೇ ಸೇರಿಸಿರಬಹುದು. ಒಮ್ಮೆ ಪತ್ರ ತೆಗೆದು ನೋಡಿ. ಸಾಲ ಬೇಗ ಮುಗಿದರೆ ಉಳಿದ ಅವಧಿಯ ಪ್ರೀಮಿಯಂ ವಾಪಸ್ ಕೊಡುವ ಷರತ್ತು ಕೆಲವು ಪಾಲಿಸಿಗಳಲ್ಲಿ ಇರುತ್ತದೆ.

ಹಂತ 4: ಬಡ್ಡಿ ಇಳಿಸಿ, ಕಂತು ಇಳಿಸಬೇಡಿ

ಹೆಚ್ಚುವರಿ ದುಡ್ಡು ಕಟ್ಟುವ ಮೊದಲು ಬಡ್ಡಿ ಕಡಿಮೆ ಮಾಡಿಸಿಕೊಳ್ಳಿ. ನಿಮ್ಮ ಬ್ಯಾಂಕೇ ಇವತ್ತು ಹೊಸ ಗಿರಾಕಿಗೆ ಎಷ್ಟಕ್ಕೆ ಕೊಡುತ್ತಿದೆ ನೋಡಿ. ನಿಮ್ಮದಕ್ಕಿಂತ ಅರ್ಧ ಪರ್ಸೆಂಟ್ ಕಡಿಮೆ ಇದ್ದರೆ ಶಾಖೆಗೆ ಹೋಗಿ ಕೇಳಿ. ಒಂದು ಸಣ್ಣ ಶುಲ್ಕ ತಗೊಂಡು ಬದಲಾಯಿಸುವುದು ಮಾಮೂಲಿ. ಹಳೆಯ ಎಂಸಿಎಲ್ಆರ್ ಸಾಲವನ್ನು ರೆಪೊಗೆ ಬದಲಾಯಿಸುವುದೂ ಹೀಗೆಯೇ. ಒಪ್ಪದಿದ್ದರೆ ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸುವ ದಾರಿ ಇದೆ. ಅಲ್ಲಿ ಪ್ರೊಸೆಸಿಂಗ್ ಫೀ, ವಕೀಲರ ಫೀ, ಹೊಸದಾಗಿ ಅಡಮಾನದ ನೋಂದಣಿ ಖರ್ಚು ಎಲ್ಲ ಬರುತ್ತದೆ. ಅದನ್ನೆಲ್ಲ ಕೂಡಿಸಿ ಲೆಕ್ಕ ಹಾಕಿ. ಸಾಲ ಮುಗಿಯಲು ಐದಾರು ವರ್ಷ ಮಾತ್ರ ಉಳಿದಿದ್ದರೆ ಈ ಓಡಾಟ ಸಾಮಾನ್ಯವಾಗಿ ದಂಡ.

2025ರಲ್ಲಿ ರೆಪೊ ಶೇ. 6.5ರಿಂದ 5.25ಕ್ಕೆ ಇಳಿಯಿತು. ಆಗ ಎಷ್ಟೋ ಜನ ಕಂತು ಕಡಿಮೆ ಮಾಡಿಸಿಕೊಂಡು ಖುಷಿಪಟ್ಟರು. ಹಾಗೆ ಮಾಡಬೇಡಿ. ನಮ್ಮ ಉದಾಹರಣೆಯಲ್ಲಿ ಒಂದು ವರ್ಷ ಆದ ಮೇಲೆ ಬಡ್ಡಿ ಶೇ. 8.5ರಿಂದ 7.5ಕ್ಕೆ ಇಳಿಯಿತು ಅಂದುಕೊಳ್ಳಿ. ಕಂತು ಅದೇ 43,391 ಇಟ್ಟರೆ ಸಾಲ 31 ತಿಂಗಳು ಮೊದಲೇ ಮುಗಿಯುತ್ತದೆ. ಜೇಬಿನಿಂದ ಒಂದು ರೂಪಾಯಿಯೂ ಹೆಚ್ಚು ಹೋಗಲಿಲ್ಲ ನೋಡಿ.

ಹಂತ 5: ಯಾವ ದಾರಿ?

ವರ್ಷಕ್ಕೊಂದು ಕಂತು ಹೆಚ್ಚು ಕಟ್ಟುವುದು ಎಲ್ಲಕ್ಕಿಂತ ಸುಲಭ. 12ರ ಬದಲು 13. ನಮ್ಮ 50 ಲಕ್ಷದ ಸಾಲ ಇದರಿಂದ 16 ವರ್ಷ 9 ತಿಂಗಳಿಗೆ ಮುಗಿಯುತ್ತದೆ. ಉಳಿಯುವ ಬಡ್ಡಿ ಸುಮಾರು 10 ಲಕ್ಷ.

ಇದಕ್ಕಿಂತ ಜೋರಾದ ದಾರಿ ಅಂದರೆ ವರ್ಷ ವರ್ಷ ಕಂತನ್ನು ಶೇ. 5ರಷ್ಟು ಏರಿಸುವುದು. ಮೊದಲ ಸಲ ಏರಿಸುವಾಗ ಇದು ತಿಂಗಳಿಗೆ 2,170 ರೂಪಾಯಿ. ಇಬ್ಬರು ಹೊರಗೆ ಹೋಗಿ ಎರಡು ಸಲ ಊಟ ಮಾಡಿ ಸಿನಿಮಾ ನೋಡಿದಷ್ಟು. ಇನ್‌ಕ್ರಿಮೆಂಟ್ ಬರುವ ತಿಂಗಳೇ ಏರಿಸಿಬಿಟ್ಟರೆ ಆ ದುಡ್ಡು ಕೈಗೆ ಬಂದಿತ್ತು ಅಂತಲೇ ಗೊತ್ತಾಗಲ್ಲ. 20 ವರ್ಷದ ಸಾಲ 12 ವರ್ಷ 3 ತಿಂಗಳಿಗೆ ಮುಗಿಯುತ್ತದೆ. ಬಡ್ಡಿಯಲ್ಲಿ 19 ಲಕ್ಷದ ಮೇಲೆ ಉಳಿತಾಯ. ಹಾಗಂತ ಇದು ಪೂರ್ತಿ ನೋವಿಲ್ಲದ ದಾರಿ ಅಂತ ಹೇಳಲಾರೆ. 12ನೇ ವರ್ಷದಲ್ಲಿ ಕಂತು 74 ಸಾವಿರ ದಾಟಿರುತ್ತದೆ. ಸಂಬಳವೂ ಅಷ್ಟು ಏರಿರಬೇಕು. ಏರದ ವರ್ಷ ಸುಮ್ಮನಿರಿ. ಪ್ರತಿ ವರ್ಷ ಕಂತು ಬದಲಾಯಿಸಲು ನಿಮ್ಮ ಬ್ಯಾಂಕು ಒಪ್ಪದಿದ್ದರೆ ಆ ಹೆಚ್ಚಿನ ಮೊತ್ತವನ್ನು ನೀವೇ ಪಾರ್ಟ್ ಪೇಮೆಂಟ್ ಆಗಿ ಕಟ್ಟಿ. ಲೆಕ್ಕ ಒಂದೇ.

ಮೂರನೆಯದು ಬಂದಾಗ ಬಂದಷ್ಟು ಇಡುಗಂಟು ಕಟ್ಟುವುದು. ಇಲ್ಲಿ ಸಮಯ ಬಹಳ ಮುಖ್ಯ. ಮೊದಲ ವರ್ಷದ ಕೊನೆಗೆ 1 ಲಕ್ಷ ಕಟ್ಟಿದರೆ 11 ತಿಂಗಳು ಕಡಿಮೆ ಆಗುತ್ತದೆ, ಸುಮಾರು 3 ಲಕ್ಷ 80 ಸಾವಿರ ಬಡ್ಡಿ ಉಳಿಯುತ್ತದೆ. ಅದೇ 1 ಲಕ್ಷವನ್ನು 15ನೇ ವರ್ಷದ ಕೊನೆಗೆ ಕಟ್ಟಿದರೆ ಉಳಿಯುವುದು 51 ಸಾವಿರ ಮಾತ್ರ. ಹಾಗಾಗಿ ಮೊದಲ ಐದಾರು ವರ್ಷ ಹೊಟ್ಟೆ ಬಟ್ಟೆ ಕಟ್ಟಿದರೂ ಪರವಾಗಿಲ್ಲ. 15 ವರ್ಷ ಆದ ಮೇಲೆ ಆ ಉಸಾಬರಿ ಬೇಡ, ಆ ದುಡ್ಡು ಮಕ್ಕಳ ಕಾಲೇಜಿಗೆ ಇಡಿ.

ಇನ್ನೊಂದು ಥರದ ಸಾಲವೂ ಇದೆ: ಓವರ್‌ಡ್ರಾಫ್ಟ್ ಗೃಹಸಾಲ. ಎಸ್‌ಬಿಐನ ಮ್ಯಾಕ್ಸ್‌ಗೇನ್ ಇಂಥದ್ದು. ಹೆಚ್ಚುವರಿ ದುಡ್ಡನ್ನು ಸಾಲದ ಖಾತೆಯಲ್ಲೇ ಇಟ್ಟರೆ ಅಷ್ಟರ ಮಟ್ಟಿಗೆ ಬಡ್ಡಿ ಬೀಳಲ್ಲ, ಬೇಕಾದಾಗ ವಾಪಸ್ ತೆಗೆಯಲೂಬಹುದು. ಬಡ್ಡಿ ಸ್ವಲ್ಪ ಜಾಸ್ತಿ ಇರುತ್ತದೆ. ಸ್ವಂತ ವ್ಯಾಪಾರ ಇರುವ ಜೋಡಿಗೆ ಚೆನ್ನಾಗಿ ಹೊಂದುತ್ತದೆ. ನಮ್ಮಂಥ ಸೇಲ್‌ ಪ್ರಿಯರಿಗೆ ಅಪಾಯ.

ಹಂತ 6: ದುಡ್ಡು ಎಲ್ಲಿಂದ ತರೋದು?

ಬೋನಸ್ ಇದೆ, ಇನ್ಸೆಂಟಿವ್ ಇದೆ, ತೆರಿಗೆ ರೀಫಂಡ್ ಇದೆ. ಇದಕ್ಕೆ ವಿವರಣೆ ಬೇಡ. ಬಂದ ವಾರದಲ್ಲೇ ಕಟ್ಟಿ. ಎಷ್ಟೋ ಬ್ಯಾಂಕುಗಳು ದಿನದ ಬಾಕಿ ಮೇಲೆ ಬಡ್ಡಿ ಲೆಕ್ಕ ಹಾಕುತ್ತವೆ. ತಿಂಗಳಾಚೆ ಕಟ್ಟಿದರೆ ಆ ತಿಂಗಳ ಬಡ್ಡಿ ಹೋಯಿತು, ಅದೂ ಅಲ್ಲದೆ ಅಷ್ಟರಲ್ಲಿ ಫ್ರಿಜ್ ಬದಲಾಯಿಸುವ ಯೋಚನೆ ಬಂದಿರುತ್ತದೆ.

ಮದುವೆಯಲ್ಲಿ ಬಂದ ಮುಯ್ಯಿ ಹಣ ಎಷ್ಟೋ ಹೊಸ ಜೋಡಿಗಳ ಖಾತೆಯಲ್ಲಿ ಸುಮ್ಮನೆ ಕೂತಿರುತ್ತದೆ. ಆ ದುಡ್ಡು ನಿಜವಾಗಿ ನಿಮ್ಮಿಬ್ಬರದೇ ಆಗಿದ್ದರೆ, ಅಪ್ಪ-ಅಮ್ಮ ಮದುವೆ ಸಾಲಕ್ಕೆ ಅಂತ ಲೆಕ್ಕ ಹಾಕಿಲ್ಲದಿದ್ದರೆ, ಅದನ್ನು ಮೊದಲ ಪಾರ್ಟ್ ಪೇಮೆಂಟ್ ಮಾಡಿ.

ಚೀಟಿ ಬಗ್ಗೆ ಒಂದು ಮಾತು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಒಂದು ಚೀಟಿ ಇದ್ದೇ ಇರುತ್ತದೆ. 5 ಲಕ್ಷದ ಚೀಟಿಯನ್ನು ಮೂರನೇ ತಿಂಗಳೇ ಲಕ್ಷಕ್ಕೂ ಮೇಲೆ ಬಿಟ್ಟು ಕೂಗಿ, ಆ ದುಡ್ಡನ್ನು ಸಾಲಕ್ಕೆ ಕಟ್ಟುವವರನ್ನು ನೋಡಿದ್ದೇನೆ. ಅವರು ಬಿಟ್ಟುಕೊಟ್ಟಿದ್ದು ಸಾಮಾನ್ಯವಾಗಿ ಗೃಹಸಾಲದ ಬಡ್ಡಿಗಿಂತ ದುಬಾರಿ. ಚೀಟಿ ಹಾಕಿದ್ದರೆ ಕೊನೆಯವರೆಗೆ ಕಾಯಿರಿ, ಬಲವಂತದ ಉಳಿತಾಯ ಅಂತ ನೋಡಿ, ಬಂದ ಮೇಲೆ ಸಾಲಕ್ಕೆ ಕಟ್ಟಿ. ಚೀಟಿ ನೋಂದಣಿ ಆಗಿರಲಿ. ಪಕ್ಕದ ಬೀದಿಯ ಆಂಟಿ ನಡೆಸುವ ಚೀಟಿಯನ್ನು ನಂಬಿ ಸಾಲ ತೀರಿಸುವ ಯೋಜನೆ ಹಾಕಬೇಡಿ.

ಸ್ವಂತ ಮನೆ ಕಟ್ಟಿ ಮೇಲಿನ ಮಹಡಿ ಇರುವವರಿಗೆ ಬೆಂಗಳೂರಿನಲ್ಲಿ ಒಂದು ಆಸೆ ಹುಟ್ಟುತ್ತದೆ: ಲೀಸ್‌ಗೆ ಕೊಟ್ಟು, ಬಂದ ಇಡುಗಂಟನ್ನು ಸಾಲಕ್ಕೆ ಕಟ್ಟಿಬಿಡೋಣ. ಮೈಸೂರು ಕಡೆ ಇದನ್ನೇ ಭೋಗ್ಯ ಅನ್ನುತ್ತಾರೆ. ಲೆಕ್ಕ ನೋಡಿ. ತಿಂಗಳಿಗೆ 10 ಸಾವಿರ ಬಾಡಿಗೆ ಬರುವ ಮನೆಯನ್ನು 10 ಲಕ್ಷಕ್ಕೆ ಲೀಸ್ ಕೊಟ್ಟಿರಿ ಅಂದುಕೊಳ್ಳಿ. ಆ 10 ಲಕ್ಷ ಸಾಲಕ್ಕೆ ಕಟ್ಟಿದರೆ ಶೇ. 8.5ರಲ್ಲಿ ತಿಂಗಳಿಗೆ ಉಳಿಯುವ ಬಡ್ಡಿ 7,083. ಬಾಡಿಗೆ ಹೋಗಿದ್ದು 10 ಸಾವಿರ. ಅಂದರೆ ಪ್ರತಿ ತಿಂಗಳು ಮೂರು ಸಾವಿರ ಹತ್ತಿರ ಕೈಬಿಟ್ಟಂತಾಯಿತು. ಮೂರು ವರ್ಷದ ಮೇಲೆ ಅವರು ಮನೆ ಖಾಲಿ ಮಾಡುವಾಗ 10 ಲಕ್ಷ ವಾಪಸ್ ಕೊಡಬೇಕು, ಅದು ಆಗಲೇ ಬ್ಯಾಂಕಿಗೆ ಹೋಗಿದೆ. ಆಗ ಹೊಸ ಲೀಸ್‌ದಾರನಿಗಾಗಿ ಬ್ರೋಕರ್ ಹಿಂದೆ ಅಲೆಯಬೇಕು. ಅಡಮಾನದಲ್ಲಿರುವ ಮನೆಯನ್ನು ಲೀಸ್ ಕೊಡಲು ಬ್ಯಾಂಕಿನ ಒಪ್ಪಿಗೆ ಬೇಕು ಅನ್ನುವ ಷರತ್ತೂ ಒಪ್ಪಂದದಲ್ಲಿ ಇರಬಹುದು. ಬಾಡಿಗೆಗೇ ಕೊಡಿ, ಆ ಬಾಡಿಗೆಯನ್ನು ಪೂರ್ತಿ ಸಾಲಕ್ಕೆ ಹಾಕಿ.

ಪಿಎಫ್ ಮುಟ್ಟಬೇಡಿ. ಚಿನ್ನ ಅಡವಿಟ್ಟು ಗೃಹಸಾಲ ತೀರಿಸುವುದಂತೂ ಬೇಡವೇ ಬೇಡ. ಕಡಿಮೆ ಬಡ್ಡಿಯ ಸಾಲ ತೀರಿಸೋಕೆ ಜಾಸ್ತಿ ಬಡ್ಡಿಯ ಸಾಲ ಮಾಡಿದ ಹಾಗೆ.

ಹಂತ 7: ಕಟ್ಟುವ ದಿನ

ಇಲ್ಲಿ ನಾವು ಒಂದು ಪೆಟ್ಟು ತಿಂದಿದ್ದೇವೆ. 2024ರ ಬೋನಸ್‌ನಲ್ಲಿ ಒಂದೂವರೆ ಲಕ್ಷ ಕಟ್ಟಿದೆವು. ಮುಂದಿನ ತಿಂಗಳು ನೋಡಿದರೆ ಅವಧಿ ಹಾಗೇ ಇದೆ, ಕಂತು ಕಡಿಮೆಯಾಗಿದೆ. ಕೌಂಟರಿನಲ್ಲಿ ಕೇಳಿದರೆ 'ನೀವು ಏನೂ ಹೇಳಲಿಲ್ಲವಲ್ಲ ಮೇಡಂ' ಅಂದರು. ಅರ್ಜಿಯಲ್ಲಿ ಗುರುತು ಹಾಕುವ ಜಾಗ ಇತ್ತು, ನಾವು ನೋಡಿರಲಿಲ್ಲ. ಸರಿ ಮಾಡಿಸಲು ಎರಡು ಸಲ ಅರ್ಧ ದಿನ ರಜೆ ಹಾಕಬೇಕಾಯಿತು.

ಆದ್ದರಿಂದ ಆಪ್‌ನಲ್ಲಿ ಕಟ್ಟಿದರೂ, ಶಾಖೆಯಲ್ಲಿ ಕಟ್ಟಿದರೂ 'ಕಂತು ಹಾಗೇ ಇರಲಿ, ಅವಧಿ ಕಡಿಮೆ ಮಾಡಿ' ಅಂತ ಬರವಣಿಗೆಯಲ್ಲಿ ಕೊಡಿ. ಇಮೇಲ್ ಸಾಕು. ಹಣವನ್ನು ಅಸಲಿಗೆ ಜಮಾ ಮಾಡಬೇಕು, ಮುಂಗಡ ಕಂತು ಅಂತ ಇಟ್ಟುಕೊಳ್ಳಬಾರದು ಅನ್ನುವುದನ್ನೂ ಬರೆಯಿರಿ. ಮುಂಗಡ ಕಂತು ಅಂತ ಹಿಡಿದರೆ ಬಡ್ಡಿ ಇಳಿಯಲ್ಲ. ಒಂದು ಸಲಕ್ಕೆ ಕನಿಷ್ಠ ಇಷ್ಟು ಕಟ್ಟಬೇಕು ಅನ್ನುವ ನಿಯಮ ಇದೆಯಾ ಕೇಳಿ. ಇದ್ದರೆ ಸಣ್ಣ ಮೊತ್ತವನ್ನು ಆರ್‌ಡಿಯಲ್ಲಿ ಕೂಡಿಸಿ ಮೂರು ತಿಂಗಳಿಗೊಮ್ಮೆ ಕಟ್ಟಿ. ಒಂದು ವಾರದ ನಂತರ ಹೊಸ ಕಂತಿನ ಪಟ್ಟಿ ತರಿಸಿ, ತಿಂಗಳ ಸಂಖ್ಯೆ ನೋಡಿ. ನಾವು ಆ ಸಂಖ್ಯೆಯನ್ನು ಫ್ರಿಜ್ ಮೇಲೆ ಬರೆದಿಡುತ್ತೇವೆ. 2025ರ ಕೊನೆಯಲ್ಲಿ ಅದು 103 ಇತ್ತು.

ಫ್ಲಾಟ್ ಇನ್ನೂ ಕಟ್ಟುತ್ತಿದ್ದು ಬರೀ ಬಡ್ಡಿ ಕಟ್ಟುವ ಪ್ರೀ-ಇಎಂಐ ವ್ಯವಸ್ಥೆಯಲ್ಲಿದ್ದರೆ, ಕೈಲಾದರೆ ಪೂರ್ತಿ ಕಂತು ಶುರು ಮಾಡಿ. ಪ್ರೀ-ಇಎಂಐನಲ್ಲಿ ಎರಡು ವರ್ಷ ಕಟ್ಟಿದರೂ ಅಸಲು ಒಂದು ರೂಪಾಯಿ ಇಳಿಯಲ್ಲ.

ಹಂತ 8: 'ತೆರಿಗೆ ಉಳಿಯುತ್ತೆ, ಸಾಲ ಇರಲಿ ಬಿಡಿ'

ಆಫೀಸಿನಲ್ಲಿ ಈ ಮಾತು ಹೇಳುವ ಒಬ್ಬರು ಇದ್ದೇ ಇರುತ್ತಾರೆ. ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ, ನೀವೇ ವಾಸ ಇರುವ ಮನೆಯ ಬಡ್ಡಿಗೆ ವಿನಾಯಿತಿಯೇ ಇಲ್ಲ. ಮಾತು ಅಲ್ಲಿಗೆ ಮುಗಿಯಿತು.

ಹಳೆ ಪದ್ಧತಿಯಲ್ಲಿದ್ದರೆ ಮಾತ್ರ ಸ್ವಲ್ಪ ಯೋಚಿಸಿ. ಮನೆ ಇಬ್ಬರ ಹೆಸರಲ್ಲೂ ಇದ್ದು, ಸಾಲವೂ ಇಬ್ಬರ ಹೆಸರಲ್ಲಿದ್ದು, ಇಬ್ಬರೂ ಕಟ್ಟುತ್ತಿದ್ದರೆ ಒಬ್ಬೊಬ್ಬರೂ ವರ್ಷಕ್ಕೆ 2 ಲಕ್ಷದವರೆಗೆ ಬಡ್ಡಿಯನ್ನು ಆದಾಯದಿಂದ ಕಳೆಯಬಹುದು. ಇಬ್ಬರೂ ಶೇ. 30ರ ಹಂತದಲ್ಲಿದ್ದರೆ ಸೆಸ್ ಸೇರಿ ವರ್ಷಕ್ಕೆ 1,24,800 ತೆರಿಗೆ ಉಳಿಯುತ್ತದೆ. ನಮ್ಮ ಉದಾಹರಣೆಯ ಮೊದಲ ವರ್ಷದ ಬಡ್ಡಿ 4 ಲಕ್ಷ 21 ಸಾವಿರ. ತೆರಿಗೆ ಕಳೆದರೆ ನಿಜವಾದ ಬಡ್ಡಿ ಶೇ. 6ರ ಹತ್ತಿರ ಬರುತ್ತದೆ. ಅಂಥವರಿಗೆ ಸಾಲ ತೀರಿಸುವ ಅವಸರ ಅಷ್ಟಿಲ್ಲ ಅಂತ ನಾನೂ ಒಪ್ಪುತ್ತೇನೆ. ಉಳಿದವರಿಗೆ ಶೇ. 8.5 ಸಾಲ ತೀರಿಸುವುದು ಅಂದರೆ, ತೆರಿಗೆಯೂ ಇಲ್ಲದ, ಏರಿಳಿತವೂ ಇಲ್ಲದ ಶೇ. 8.5 ಗಳಿಕೆ. ಅಷ್ಟು ಕೊಡುವ ಎಫ್‌ಡಿ ಸಿಗುವುದು ಕಷ್ಟ. ಷೇರು ಇದಕ್ಕಿಂತ ಜಾಸ್ತಿ ಕೊಡಬಹುದು, ಕೊಡದೆಯೂ ಇರಬಹುದು. ಇವರ ಒಂದು ಪಾಲು ಎಸ್ಐಪಿ ಅದಕ್ಕೇ ಇನ್ನೂ ನಡೆಯುತ್ತಿದೆ.

ಹಂತ 9: ಕೊನೆಯ ರೂಪಾಯಿ ಕಟ್ಟಿದ ಮೇಲೆ

ನಮ್ಮ ಭಾವ ಕಳೆದ ವರ್ಷ ಸಾಲ ಮುಗಿಸಿದರು. ಅಕ್ಕನಿಗೆ ರಜೆ ಸಿಗದ ಕಾರಣ ಜೊತೆಗೆ ಓಡಾಡಿದ್ದು ನಾನು. ಹಣ ಕಟ್ಟುವುದು ಅರ್ಧ ಕೆಲಸ ಅಂತ ಆಗ ಗೊತ್ತಾಯಿತು.

ಮೊದಲು ಬ್ಯಾಂಕಿನಿಂದ ಫೋರ್‌ಕ್ಲೋಸರ್ (ಪೂರ್ತಿ ಕಟ್ಟಿ ಮುಗಿಸುವ) ಲೆಕ್ಕ ಬರೆಸಿಕೊಳ್ಳಿ. ಅದರಲ್ಲಿ ಇಂಥ ದಿನದವರೆಗೆ ಇಷ್ಟು ಅಂತ ಇರುತ್ತದೆ. ಆ ದಿನದೊಳಗೆ ಕಟ್ಟಿ, ಇಲ್ಲದಿದ್ದರೆ ಬಡ್ಡಿ ಬೆಳೆದು ಕೆಲವು ನೂರು ರೂಪಾಯಿ ಬಾಕಿ ನಿಲ್ಲುತ್ತದೆ. ಸಾಲ ಪಡೆದಾಗ ಯಾವ ಯಾವ ಮೂಲ ಪತ್ರ ಕೊಟ್ಟಿದ್ದಿರಿ ಎಂಬ ಪಟ್ಟಿಯನ್ನು ಹುಡುಕಿ ಇಟ್ಟುಕೊಳ್ಳಿ. ಕ್ರಯಪತ್ರ, ತಾಯಿಪತ್ರ, ಖಾತೆ, ತೆರಿಗೆ ರಸೀದಿ, ಎಲ್ಲವನ್ನೂ ಒಂದೊಂದಾಗಿ ಗುರುತು ಹಾಕಿ ತಗೊಳ್ಳಿ. ಸಾಲ ಇಬ್ಬರ ಹೆಸರಲ್ಲಿದ್ದರೆ ಇಬ್ಬರೂ ಹೋಗಬೇಕಾ ಅಂತ ಮೊದಲೇ ಕೇಳಿ.

ಪೂರ್ತಿ ಕಟ್ಟಿದ 30 ದಿನದೊಳಗೆ ಬ್ಯಾಂಕು ಮೂಲ ಪತ್ರಗಳನ್ನು ವಾಪಸ್ ಕೊಡಬೇಕು. ತನ್ನ ತಪ್ಪಿನಿಂದ ತಡ ಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ಭಾವನಿಗೆ ಮೂರು ವಾರ ಆದರೂ ಉತ್ತರ ಬಂದಿರಲಿಲ್ಲ. ಈ ನಿಯಮ ಹೇಳಿ ಒಂದು ಇಮೇಲ್ ಹಾಕಿದೆವು. ನಾಲ್ಕನೇ ದಿನ ಫೋನ್ ಬಂತು. ದೂರು ಕೊಟ್ಟು 30 ದಿನ ಆದರೂ ಬ್ಯಾಂಕು ಸರಿಯಾದ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು.

ಪತ್ರದ ಜೊತೆಗೆ ಸಾಲ ಬಾಕಿ ಇಲ್ಲ ಎಂಬ ಪ್ರಮಾಣಪತ್ರ ತಗೊಳ್ಳಿ. ಕೊಟ್ಟಿದ್ದ ಖಾಲಿ ಚೆಕ್‌ಗಳನ್ನು ವಾಪಸ್ ಕೇಳಿ. ಖಾತೆಯಿಂದ ಕಂತು ಕಟ್ ಆಗುವ ಆದೇಶ ರದ್ದಾಗಿದೆಯಾ ನೋಡಿ. ಒಂದೆರಡು ತಿಂಗಳ ನಂತರ ನಿಮ್ಮ ಸಾಲಗಳ ಚರಿತ್ರೆ ಇರುವ ಸಿಬಿಲ್ ವರದಿ ತೆಗೆದು, ಸಾಲ ಮುಗಿದಿದೆ ಅಂತ ಬಂದಿದೆಯಾ ನೋಡಿ. ವರ್ಷಕ್ಕೆ ಒಂದು ವರದಿ ಉಚಿತ. ಬ್ಯಾಂಕು ನಿಮ್ಮ ಆಸ್ತಿಯ ಅಡಮಾನವನ್ನು ಸೆರ್ಸಾಯಿ ಎಂಬ ಕೇಂದ್ರ ನೋಂದಣಿಯಲ್ಲಿ ಹಾಕಿರುತ್ತದೆ, ಅದನ್ನು ಅಲ್ಲಿಂದ ತೆಗೆಸಬೇಕಾದ್ದೂ ಬ್ಯಾಂಕೇ. ಅದರ ಪ್ರತಿ ಕೇಳಿ ಇಟ್ಟುಕೊಳ್ಳಿ.

ಕೊನೆಗೆ ಎಲ್ಲರೂ ಮರೆಯುವ ಕೆಲಸ. ಸಾಲ ತಗೊಂಡಾಗ ಸಬ್-ರಿಜಿಸ್ಟ್ರಾರ್ ಕಚೇರಿಯಲ್ಲಿ ಅಡಮಾನದ ಪತ್ರ ನೋಂದಣಿ ಆಗಿದ್ದರೆ, ಅದು ಇಸಿಯಲ್ಲಿ (ಋಣಭಾರ ಪ್ರಮಾಣಪತ್ರದಲ್ಲಿ) ಕೂತಿರುತ್ತದೆ. ಹಣ ಕಟ್ಟಿದ ಮಾತ್ರಕ್ಕೆ ತಾನಾಗಿ ಅಳಿಸಿಹೋಗಲ್ಲ. ಬ್ಯಾಂಕಿನ ಅಧಿಕಾರಿ ಬಂದು ಅಡಮಾನ ಬಿಡುಗಡೆಯ ಪತ್ರ ನೋಂದಣಿ ಮಾಡಿಸಿಕೊಡಬೇಕು. ಇದಕ್ಕೆ ಅವರ ಸಮಯ ಹೊಂದಿಸುವುದೇ ದೊಡ್ಡ ಸಾಹಸ. ಆಮೇಲೆ ಮಾಡಿಸೋಣ ಅಂತ ಬಿಟ್ಟವರು ಹತ್ತು ವರ್ಷದ ಮೇಲೆ ಮನೆ ಮಾರುವಾಗ ಹಳೆ ಶಾಖೆ ಹುಡುಕಿಕೊಂಡು ಅಲೆಯುತ್ತಾರೆ. ಆ ಶಾಖೆ ಅಷ್ಟರಲ್ಲಿ ಇನ್ನೊಂದರ ಜೊತೆ ವಿಲೀನ ಆಗಿರುತ್ತದೆ.

ಭಾವ ಬಿಡುಗಡೆ ಪತ್ರ ನೋಂದಣಿ ಮಾಡಿಸಿ, ಹದಿನೈದು ದಿನ ಬಿಟ್ಟು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಹೊಸ ಇಸಿ ತೆಗೆದರು. ಅಡಮಾನದ ಸಾಲು ಒಂದು, ಅದರ ಕೆಳಗೆ ಬಿಡುಗಡೆಯ ಸಾಲು ಇನ್ನೊಂದು. ಎರಡು ಪ್ರತಿ ಪ್ರಿಂಟ್ ತೆಗೆದು ಒಂದನ್ನು ಕ್ರಯಪತ್ರದ ಜೊತೆ ಇಟ್ಟರು. ಇನ್ನೊಂದನ್ನು ಅಕ್ಕ ದೇವರ ಮನೆಯಲ್ಲಿ ಇಟ್ಟಿದ್ದಾಳೆ.